ನಕ್ಷೆ ಬರೆಯುವುದಿದ್ದರೆ ಆಷಾಢದಲ್ಲಿ ಬನ್ನಿ

(ಶಿವಮೊಗ್ಗದಲ್ಲಿ ಹೊಳೆದಂಡೆಯ ಬಗ್ಗೆ ಆಸಕ್ತಿ ಇರುವವರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ನಮ್ಮೂರಿನವರು ಎದುರಾದವರನ್ನು ಮೊದಲು ಕೇಳುವುದು ಏನು ಅಂತ ನಿಮಗೇ ಗೊತ್ತು. ‘ಮಂಟಪ ಮುಳುಗಿತಾ?’ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯೊಳಗೆ ನಿಂತಿರುವ ಆ ಕಲ್ಲುಮಂಟಪವೇ ನಮಗೆ ಅಳತೆಗೋಲು. ಗಾಜನೂರು ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದಿದರೂ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಕೊಡೆ ಹಿಡಿದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಹೋಗಿ ಕಣ್ಣಾರೆ ನೋಡಿ ಬಂದರೇನೇ ಹೊಳೆ ತುಂಬಿತು ಅಂತ ನಂಬಿಕೆ.

ಈ ಹೊಳೆದಂಡೆಯಲ್ಲಿ ಹಕ್ಕಿಗೆ, ಮೀನಿಗೆ, ಮರಕ್ಕೆ ಮತ್ತೆ ಜಾಗ ಮಾಡಿಕೊಡುವುದು ಹೇಗೆ, ಹಾಗೆಯೇ ನಮಗೂ ನಿಮಗೂ ನೆಮ್ಮದಿಯಾಗಿ ಕೂರುವ, ನಡೆಯುವ ಜಾಗ ಮಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೊಳೆದಂಡೆಯ ನಕ್ಷೆ ಬರೆಯುವುದಿದ್ದರೆ ಆಷಾಢದಲ್ಲಿ ಬನ್ನಿ. ನಾವು ಬರೆಯುವುದೆಲ್ಲ ಬೇಸಿಗೆಯಲ್ಲಿ. ಬಜೆಟ್ಟು ಮುಗಿಯುವ ಮಾರ್ಚ್ ತಿಂಗಳಲ್ಲಿ, ಹೊಳೆ ನಡುಮಧ್ಯಕ್ಕೆ ಸರಿದು ಬಂಡೆಗಳೆಲ್ಲ ಒಣಗಿ ನಿಂತಾಗ, ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಹೂಡಿ ಸರ್ವೆ ಮಾಡುತ್ತೇವೆ. ಆಗ ದಂಡೆಯಲ್ಲಿ ಎಷ್ಟೊಂದು ‘ಖಾಲಿ ಜಾಗ’ ಕಾಣುತ್ತದೆ! ಅದು ಖಾಲಿ ಅಲ್ಲ ಸ್ವಾಮಿ. ಮನೆಯವರು ಊರಿಗೆ ಹೋಗಿದ್ದಾರೆ, ಜೂನ್‌ನಲ್ಲಿ ವಾಪಸ್ ಬರುತ್ತಾರೆ.

ನಾನು ಸಿವಿಲ್ ಎಂಜಿನಿಯರ್. ಮೋರಿ, ತಡೆಗೋಡೆ, ಚರಂಡಿ ಅಂತಲೇ ಮೂವತ್ತು ವರ್ಷ ಕಳೆದವನು. ಹಾಗಾಗಿ ಕಾಂಕ್ರೀಟಿನ ವಿರುದ್ಧ ಮಾತಾಡುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ. ಇದನ್ನು ತಪ್ಪೊಪ್ಪಿಗೆ ಅಂತಲೇ ಕೇಳಿಸಿಕೊಳ್ಳಿ.

ಮೊದಲು ನಮ್ಮ ಹೊಳೆಯ ಸ್ವಭಾವ. ತುಂಗೆ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ನಮ್ಮೂರಿಗೆ ಬಂದು, ಇಲ್ಲಿಂದ ಕೂಡ್ಲಿಗೆ ಹೋಗಿ ಭದ್ರೆಯನ್ನು ಸೇರುತ್ತಾಳೆ. ಒಟ್ಟು 147 ಕಿ.ಮೀ. ದಾರಿ. ಅವಳಿಗೆ ನೀರು ಕೊಡುವುದು ಶಿವಮೊಗ್ಗದ ಮಳೆ ಅಲ್ಲ. ನಮ್ಮ ಪೇಟೆಯ ಮಳೆ ಮಲೆನಾಡಿನ ಲೆಕ್ಕದಲ್ಲಿ ಮಳೆಯೇ ಅಲ್ಲ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ. ಅದಕ್ಕೇ ಎಷ್ಟೋ ಸಲ ಇಲ್ಲಿ ಬಿಸಿಲು ಹೊಡೆದಿರುತ್ತದೆ, ಮಹಡಿ ಮೇಲೆ ಹಪ್ಪಳ ಒಣಗುತ್ತಿರುತ್ತದೆ, ಕೆಳಗೆ ಹೊಳೆಯಲ್ಲಿ ಕೆಂಪು ನೀರು ಭೋರ್ಗರೆಯುತ್ತಿರುತ್ತದೆ.

ಇನ್ನೊಂದು ವಿಷಯ. ಗಾಜನೂರು ಅಣೆಕಟ್ಟೆ ನಮ್ಮನ್ನು ಕಾಯುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಹಿಡಿಯುವುದು 3.24 ಟಿಎಂಸಿ. ಪಕ್ಕದ ಭದ್ರಾ ಹಿಡಿಯುವುದು 71.5 ಟಿಎಂಸಿ. ಹೋಲಿಸಿ ನೋಡಿ, ಒಂದು ತಂಬಿಗೆ, ಇನ್ನೊಂದು ಹಂಡೆ. ಪ್ರತಿವರ್ಷ ರಾಜ್ಯದಲ್ಲಿ ಮೊದಲು ತುಂಬುವ ಅಣೆಕಟ್ಟೆಗಳಲ್ಲಿ ಗಾಜನೂರು ಇರುತ್ತದೆ, ನಾವು ಹೆಮ್ಮೆಪಡುತ್ತೇವೆ. ಬೇಗ ತುಂಬುತ್ತದೆ ಅಂದರೆ ಅರ್ಥ ಏನು? ಮೇಲಿನಿಂದ ಎಷ್ಟು ಬಂತೋ ಅಷ್ಟನ್ನೂ ಕೆಳಗೆ ದಾಟಿಸಲೇಬೇಕು. ನೆರೆಯನ್ನು ಹಿಡಿದಿಟ್ಟುಕೊಳ್ಳುವ ಹೊಟ್ಟೆ ಅದಕ್ಕಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆಗ ನೀರು ಎಲ್ಲಿಯವರೆಗೆ ಬಂತು ಅನ್ನುವುದೇ ನಿಜವಾದ ಹೊಳೆದಂಡೆ. ಸರ್ವೆ ಕಲ್ಲು ಹೇಳುವ ದಂಡೆ ಬೇರೆ.

ಈಗ ಗೋಡೆಯ ವಿಷಯ. ಹೊಳೆಯ ಅಂಚಿಗೆ ನೆಟ್ಟಗೆ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿದರೆ ನಡೆಯಲು ಚೆನ್ನಾಗಿರುತ್ತದೆ. ನಾನೂ ನಡೆಯುತ್ತೇನೆ. ಆದರೆ ಆ ಗೋಡೆ ಯಾರ ಮನೆಯ ಬಾಗಿಲು ಮುಚ್ಚಿತು ಅಂತ ನೋಡಬೇಕು. ಮಿಂಚುಳ್ಳಿ ಗೂಡು ಮರದ ಮೇಲೆ ಇರುವುದಿಲ್ಲ. ದಂಡೆಯ ಕಡಿದಾದ ಮಣ್ಣಿನಲ್ಲಿ ಕೊಕ್ಕಿನಿಂದ ಕುಟ್ಟಿ ಕುಟ್ಟಿ ಕೈಯುದ್ದದ ಬಿಲ ತೋಡಿ ಅದರ ಕೊನೆಯಲ್ಲಿ ಮೊಟ್ಟೆ ಇಡುತ್ತದೆ. ಮಣ್ಣಿನ ಮೇಲೆ ಸಿಮೆಂಟ್ ಬಂದರೆ ಆ ಹಕ್ಕಿಗೆ ಆ ಊರು ಮುಗಿಯಿತು. ತಂತಿಯ ಮೇಲೆ ಕೂತಿರುವುದು ನಮಗೆ ಕಾಣುತ್ತದೆ, ಇದೆಯಲ್ಲ ಅಂದುಕೊಳ್ಳುತ್ತೇವೆ. ನೀರುನಾಯಿಗೂ ಅಷ್ಟೆ, ಬಂಡೆ ಸಂದಿ ಬೇಕು, ಬೇರಿನ ಬುಡದ ಪೊಟರೆ ಬೇಕು, ಮರಿಗಳನ್ನು ಹೊರಳಾಡಿಸಲು ಮರಳು ಬೇಕು. ಇದೇ ಹೊಳೆ ತುಂಗಭದ್ರೆಯಾಗಿ ಕೊಪ್ಪಳ, ಬಳ್ಳಾರಿ ಕಡೆ ಹರಿಯುವಾಗ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿ.ಮೀ. ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಕೆಳಗಿನವರು ಕಾಪಾಡುತ್ತಿರುವ ಹೊಳೆಯ ಮೇಲಿನ ತುದಿಯಲ್ಲಿ ನಾವು ಕೂತಿದ್ದೇವೆ.

ಮೀನಿನ ಕತೆ ಒಂದಿದೆ, ಅದು ನನ್ನದೇ ತಪ್ಪಿನ ಕತೆ. ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಮೊದಲ ಮಳೆಗಳಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ, ಮೊಟ್ಟೆ ಇಡಲು. ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಗದ್ದೆ ಬದುವಿನಲ್ಲಿ ಕಾಯುವ ಖುಷಿ ನಿಮ್ಮಲ್ಲಿ ಕೆಲವರು ಕಂಡಿರಬಹುದು. ತೀರ್ಥಹಳ್ಳಿ ಕಡೆ ಒಂದು ಹಳ್ಳಕ್ಕೆ ನಾನು ಮೋರಿ ಕಟ್ಟಿಸಿದ್ದೆ. ಲೆಕ್ಕವೆಲ್ಲ ಸರಿ, ನೀರು ಸಲೀಸಾಗಿ ಹರಿಯುತ್ತಿತ್ತು. ನಾಲ್ಕು ವರ್ಷ ಬಿಟ್ಟು ಆ ದಾರಿಯಲ್ಲಿ ಹೋದಾಗ ಗದ್ದೆಯ ಯಜಮಾನರು ನಿಲ್ಲಿಸಿ ಎಲೆಅಡಿಕೆ ಕೊಟ್ಟು ಹೇಳಿದರು, ‘ಸಾರ್, ಮೋರಿ ಗಟ್ಟಿಮುಟ್ಟಾಗಿದೆ. ಆದ್ರೆ ಅದು ಬಂದ ಮೇಲೆ ನಮ್ಮ ಗದ್ದೆಗೆ ಮೀನು ಹತ್ತೋದು ನಿಂತೋಯ್ತು.’ ಇಳಿದು ನೋಡಿದೆ. ಮೋರಿಯ ಹೊರಬಾಯಿ ಹಳ್ಳದ ತಳಕ್ಕಿಂತ ಎರಡಡಿ ಮೇಲೆ ಇತ್ತು. ನೀರಿಗೆ ಅದು ಚಿಕ್ಕ ಜಲಪಾತ, ಗೇಣುದ್ದದ ಮೀನಿಗೆ ಅದು ಮಾಳಿಗೆ. ಹಾಕುವಾಗಲೇ ತಳವನ್ನು ಅರ್ಧ ಅಡಿ ಹಳ್ಳದೊಳಗೆ ಹೂತಿದ್ದರೆ ಸಾಕಿತ್ತು. ಖರ್ಚು ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ. ನಮ್ಮ ಊರಿನ ರಾಜಕಾಲುವೆಗಳ ಬಾಯಿ ಹೊಳೆಗೆ ಸೇರುವ ಜಾಗಗಳನ್ನು ಒಮ್ಮೆ ನೋಡಿ ಬನ್ನಿ. ಎಷ್ಟು ಕಡೆ ನೀರು ಧುಮುಕುತ್ತದೆ ಅಂತ ಎಣಿಸಿ.

ಗಿಡ ನೆಡುವುದಕ್ಕೆ ಬರೋಣ, ಯಾಕೆಂದರೆ ಪುನಶ್ಚೇತನ ಅಂದ ಕೂಡಲೇ ನಮಗೆಲ್ಲ ಹೊಳೆಯುವುದು ಗಿಡ, ಗುದ್ದಲಿ, ಫೋಟೋ. ನಾವೊಂದಷ್ಟು ಗೆಳೆಯರು ಒಂದು ವರ್ಷ ಜೂನ್ ಕೊನೆಯಲ್ಲಿ, ಆರಿದ್ರಾ ಮಳೆ ಹಿಡಿದಾಗ, ದಂಡೆಯ ಕೆಳಭಾಗದಲ್ಲಿ ಇನ್ನೂರು ಸಸಿ ನೆಟ್ಟೆವು. ಪುಷ್ಯ ಮಳೆಗೆ ಹೊಳೆ ಬಂತು. ನೀರಿಳಿದ ಮೇಲೆ ಹೋಗಿ ನೋಡಿದರೆ ನಿಂತಿದ್ದವು ಹನ್ನೊಂದು ಸಸಿ ಮತ್ತು ನಮ್ಮ ಬ್ಯಾನರಿನ ಒಂದು ಕಂಬ. ಅಲ್ಲೇ ತೆಪ್ಪ ಕಟ್ಟಿಕೊಂಡು ಬಲೆ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಬೀಡಿ ಪಕ್ಕಕ್ಕಿಟ್ಟು ಕೇಳಿದರು, ‘ಹೊಳೆ ಬರೋಕೆ ಮುಂಚೆ ಯಾರಾದ್ರೂ ನೆಡ್ತಾರ? ಹೊಳೆ ಹೋದ ಮೇಲೆ ನೆಡಬೇಕು.’

ಅಷ್ಟೇ ವಿಷಯ. ದಂಡೆಯ ಮೇಲ್ಭಾಗಕ್ಕೆ ಜೂನ್ ಸರಿ. ಕೆಳಭಾಗಕ್ಕೆ ಸ್ವಾತಿ ಮಳೆಯ ಹೊತ್ತು, ಅಂದರೆ ಅಕ್ಟೋಬರ್ ಕೊನೆ. ಆಗ ನೆರೆ ಹೊಸ ಮೆಕ್ಕಲು ಹಾಸಿ ಹೋಗಿರುತ್ತದೆ, ನೆಲದಲ್ಲಿ ತೇವ ಇರುತ್ತದೆ, ನೀರು ಇಳಿದಂತೆಲ್ಲ ಬೇರು ಅದರ ಬೆನ್ನು ಹತ್ತಿ ಕೆಳಕ್ಕೆ ಇಳಿಯುತ್ತದೆ. ಮುಂದಿನ ಆಷಾಢಕ್ಕೆ ಎಂಟು ತಿಂಗಳ ಬೇರು ಸಿಕ್ಕಿರುತ್ತದೆ.

ಎಲ್ಲಿ ಏನು ಅನ್ನುವುದನ್ನೂ ಹೊಳೆಯೇ ಹೇಳಿಕೊಟ್ಟಿದೆ. ತೀರ್ಥಹಳ್ಳಿಯಿಂದ ಮೇಲಕ್ಕೆ, ಯಾರೂ ಕೈ ಹಾಕದ ದಂಡೆಯನ್ನು ನೋಡಿ. ನೀರಿನ ಪಕ್ಕದಲ್ಲೇ, ಬಂಡೆಸಂದಿನಲ್ಲಿ, ನೀರುಕಣಗಿಲೆಯ ಪೊದೆ. ಕಣಗಿಲೆಯಂಥ ಸಪೂರ ಎಲೆ, ಬಾರುಕೋಲಿನಂಥ ಕಾಂಡ. ನೆರೆ ಬಂದರೆ ಅದು ಎದೆಯೊಡ್ಡುವುದಿಲ್ಲ, ಮಲಗುತ್ತದೆ. ನೀರು ಮೇಲೆ ಹಾದು ಹೋಗುತ್ತದೆ, ಎರಡು ತಿಂಗಳ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಮಲಗಿದ ಹೊತ್ತಿನಲ್ಲಿ ಅದರಡಿ ಮಣ್ಣು ಕದಲುವುದಿಲ್ಲ. ನಾನು ಓದಿದ ಯಾವ ತಡೆಗೋಡೆಯ ಪಾಠದಲ್ಲೂ ಮಲಗುವ ಗೋಡೆ ಇರಲಿಲ್ಲ. ಅದರ ಮೇಲೆ ಲಕ್ಕಿ, ಹೊಂಗೆ, ಅತ್ತಿ, ನೇರಳೆ, ಹೊಳೆಮತ್ತಿ, ಹೊಳೆದಾಸವಾಳ. ಹೆಸರಿನಲ್ಲೇ ಹೊಳೆ ಇಟ್ಟುಕೊಂಡ ಮರಗಳನ್ನು ಬಿಟ್ಟು ನಾವು ನರ್ಸರಿಯಿಂದ ಅಲಂಕಾರದ ತಾಳೆ ತಂದು ನೆಡುತ್ತೇವೆ. ಅತ್ತಿಹಣ್ಣು ನೀರಿಗೆ ಉದುರಿದರೆ ಮೀನಿಗೆ ಊಟ. ತಾಳೆಯಿಂದ ಯಾರಿಗೆ ಏನು ಉದುರುತ್ತದೆ?

ಕೆಳ ಅಂಚನ್ನು ತಕ್ಷಣಕ್ಕೆ ಹಿಡಿದುಕೊಳ್ಳಲು ತೆಂಗಿನ ನಾರಿನ ಹಾಸು ಹೊದಿಸಿ, ಅದರ ಸಂದಿಯಲ್ಲಿ ಲಾವಂಚದ ಬುಡಗಳನ್ನು, ಲಕ್ಕಿಯ ಹಸಿ ಗೂಟಗಳನ್ನು ನೆಡಬಹುದು. ನಾರು ಎರಡು ಮೂರು ವರ್ಷದಲ್ಲಿ ಕೊಳೆಯುತ್ತದೆ, ಅಷ್ಟರಲ್ಲಿ ಬೇರು ಕೆಲಸ ವಹಿಸಿಕೊಂಡಿರುತ್ತದೆ. ಅದಕ್ಕೂ ಮೊದಲು ಇರುವ ಕಳೆ ತೆಗೆಯಬೇಕು. ನಮ್ಮ ದಂಡೆಗಳಲ್ಲಿ ಕಾಂಗ್ರೆಸ್ ಗಿಡ, ಕಮ್ಯುನಿಸ್ಟ್ ಗಿಡ ಎರಡೂ ಪಕ್ಷಭೇದ ಮರೆತು ಒಟ್ಟಿಗೇ ಬೆಳೆದಿವೆ. ಒಂದು ಸಲ ಕಿತ್ತರೆ ಹೋಗುವುದಿಲ್ಲ, ಹೂ ಬಿಡುವ ಮುಂಚೆ ಮೂರು ವರ್ಷ ಬಿಡದೆ ಕೀಳಬೇಕು. ಇದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ, ಹಾಗಾಗಿ ಹಣವೂ ಇರುವುದಿಲ್ಲ.

ಎಲ್ಲ ಕಡೆ ಮರ ನೆಡುವುದೇ ಒಳ್ಳೆಯದು ಅಂತಲೂ ಅಂದುಕೊಳ್ಳಬೇಡಿ. ಇಲ್ಲೇ ಎರಡು ಉದಾಹರಣೆ ಇವೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಒಂದೆಕರೆ ಚಿಲ್ಲರೆ ನಡುಗಡ್ಡೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಸರಿಯಾಗಿ ಹೊಳೆ ತುಂಬಿ ಹರಿಯುವ ಕಾಲಕ್ಕೆ. ಯಾಕೆ? ಸುತ್ತ ನೀರಿದ್ದರೆ ಬೆಕ್ಕು ಬರುವುದಿಲ್ಲ, ನಾವೂ ಹೋಗುವುದಿಲ್ಲ. ಅಲ್ಲಿ ಮರ ಬೇಕು, ಮರವೇ ಎಲ್ಲ. ಇತ್ತ ಭದ್ರಾ ಹಿನ್ನೀರಿಗೆ ಬನ್ನಿ. ಬೇಸಿಗೆಯಲ್ಲಿ ನೀರಿಳಿದು ಬೋಳು ದ್ವೀಪಗಳು ಏಳುತ್ತವೆ, ಸಾವಿರಾರು ರಿವರ್ ಟರ್ನ್ ಹಕ್ಕಿಗಳು ಬಂದು ಬರಿ ನೆಲದ ಮೇಲೆ, ಬೆಣಚುಕಲ್ಲಿನ ನಡುವೆ ಮೊಟ್ಟೆ ಇಡುತ್ತವೆ. ಹಸಿರು ಮಾಡುತ್ತೇನೆ ಅಂತ ಯಾರಾದರೂ ಆ ದ್ವೀಪಗಳಲ್ಲಿ ಗಿಡ ತುಂಬಿದರೆ ಆ ಹಕ್ಕಿಗಳ ಸಂಸಾರ ಹಾಳಾಯಿತು. ನಮ್ಮೂರ ಹೊಳೆಯಲ್ಲೂ ಬೇಸಿಗೆಗೆ ಏಳುವ ಮರಳದಿಬ್ಬ, ಬಂಡೆಹಾಸು ಇವೆ. ಅವನ್ನು ಹಾಗೇ ಬಿಡುವುದೂ ಒಂದು ಕೆಲಸ. ನಕ್ಷೆಯಲ್ಲಿ ‘ಏನೂ ಮಾಡತಕ್ಕದ್ದಲ್ಲ’ ಅಂತ ಬರೆದು ಬಣ್ಣ ಹಚ್ಚಬೇಕು. ಬರೆಯದಿದ್ದರೆ ಮುಂದಿನವನು ಅಲ್ಲಿ ಕಾರಂಜಿ ಇಡುತ್ತಾನೆ.

ಚರಂಡಿ ನೀರಿನ ಮಾತು ಬಿಟ್ಟರೆ ಈ ಸಂಜೆ ಸುಳ್ಳಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹೇಳಿಕೊಂಡು ಬೆಳೆದವರು ನಾವು. ಹೊಳೆಯಲ್ಲಿ ಮೀಯಲು ಯೋಗ್ಯ ಅನ್ನಬೇಕಾದರೆ ನಮ್ಮ ದೇಶದ ಮಾನದಂಡವೇ ಇದೆ. ಲೀಟರಿನಲ್ಲಿ ಕರಗಿದ ಆಮ್ಲಜನಕ 5 ಮಿ.ಗ್ರಾಂ.ಗಿಂತ ಕಡಿಮೆ ಇರಬಾರದು, ಬಿಒಡಿ, ಅಂದರೆ ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ, 3 ಮಿ.ಗ್ರಾಂ. ದಾಟಬಾರದು, ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿ.ಲೀ.ಗೆ 500ರೊಳಗಿದ್ದರೆ ಒಳ್ಳೆಯದು, 2,500 ಮೀರಕೂಡದು. ರಾಜಕಾಲುವೆ ಸೇರುವ ಕಡೆ ನಿಂತು ಮೂಗು ಬಿಟ್ಟರೆ ಸಾಕು, ಲ್ಯಾಬಿಗೆ ಕಳಿಸುವ ಮೊದಲೇ ಅರ್ಧ ರಿಪೋರ್ಟ್ ಬಂದಿರುತ್ತದೆ.

ಕಾಲುವೆ ಬಾಯಲ್ಲಿ ಜೊಂಡು ಬೆಳೆಸಿದರೆ ನೀರು ಶುದ್ಧ ಆಗುತ್ತದಲ್ಲ ಅಂತ ಉತ್ಸಾಹಿಗಳು ಕೇಳುತ್ತಾರೆ. ಆಗುತ್ತದೆ. ಜೊಂಡಿನ ಬೇರು ಕೆಸರಿಗೆ ಉಸಿರು ಕೊಡುತ್ತದೆ, ಬೇರಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತದೆ, ನೀರು ನಿಧಾನವಾದಷ್ಟೂ ರಾಡಿ ತಳಕ್ಕಿಳಿಯುತ್ತದೆ. ಆದರೆ ಲೆಕ್ಕ ಹಾಕಿ. ನಮ್ಮಂಥ ಬೆಚ್ಚಗಿನ ಊರಿನಲ್ಲಿ ಒಬ್ಬರ ಕೊಳಚೆಗೆ ಸುಮಾರು ಒಂದೆರಡು ಚದರ ಮೀಟರ್ ಜೊಂಡುಗದ್ದೆ ಬೇಕು. 2011ರ ಜನಗಣತಿಯಲ್ಲೇ ಶಿವಮೊಗ್ಗದ ಜನ ಮೂರು ಲಕ್ಷ ದಾಟಿದ್ದರು. ಅಂದರೆ ಎಪ್ಪತ್ತೈದರಿಂದ ನೂರೈವತ್ತು ಎಕರೆ. ಹೊಳೆದಂಡೆಯಲ್ಲಿ ಅಷ್ಟು ಜಾಗ ಯಾರ ಹತ್ತಿರ ಇದೆ? ಹಾಗಾಗಿ ಯುಜಿಡಿ (ಒಳಚರಂಡಿ) ಜೋಡಣೆ, ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ), ಇವಕ್ಕೆ ಬದಲಿ ಇಲ್ಲ. ಜೊಂಡುಗದ್ದೆ ಕಟ್ಟಕಡೆಯ ಜರಡಿ ಮಾತ್ರ, ಒಂದು ಬಡಾವಣೆಯ ಮಳೆನೀರು ಕಾಲುವೆಗೆ ಚೆನ್ನಾಗಿ ಒಗ್ಗುತ್ತದೆ. ಮೊದಲು ಕೊಳಚೆ ತಡೆಯದೆ ದಂಡೆಯಲ್ಲಿ ಯೋಗದ ಕಟ್ಟೆ ಕಟ್ಟಿದರೆ ಪ್ರಾಣಾಯಾಮ ಮಾಡುವವರ ಗತಿ ಏನು? ನಮ್ಮ ಕೆಳಗೆ ಕೂಡ್ಲಿ ಇದೆ, ಹೊನ್ನಾಳಿ ಇದೆ, ಹರಿಹರ ಇದೆ. ನಾವು ಕೈ ತೊಳೆದ ನೀರನ್ನು ಅವರು ಕುಡಿಯುತ್ತಾರೆ.

ಈಗ ಜನರ ಭಾಗ. ವೆಲ್‌ನೆಸ್ ಅನ್ನುವ ಪದ ನನಗೆ ಅಷ್ಟು ಇಷ್ಟ ಇಲ್ಲ, ರೆಸಾರ್ಟಿನ ವಾಸನೆ ಬರುತ್ತದೆ. ಆದರೆ ವಿಷಯ ಗಟ್ಟಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಮಾತ್ರೆಯೂ ಅವರಿಗೆ ಕಡಿಮೆ ಸಾಕಾಗಿತ್ತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಅಂತ ಹೇಳುವುದು ಹೆಚ್ಚು ಅಂತ ಕಂಡಿತು. ಹಾಗಂತ ‘ಹೊಳೆ ನೋಡಿ, ಬಿಪಿ ಇಳಿಸಿ’ ಅಂತ ಬೋರ್ಡ್ ಹಾಕಬೇಡಿ. ಆರೋಗ್ಯ ಇರುವವರೇ ಹೆಚ್ಚು ಹೊರಗೆ ಬರುತ್ತಿರಬಹುದು, ಅದೂ ಇದೆ.

ನಮಗೆ ಇದು ಹೊಸದಲ್ಲ. ಅಶ್ವತ್ಥಕಟ್ಟೆ ಏನು ಮತ್ತೆ? ನೆರಳು, ಕೂರಲು ಕಲ್ಲು, ಮಾತಿಗೆ ಜನ. ಹತ್ತು ಓಪನ್ ಜಿಮ್ ಯಂತ್ರಗಳ ಹಣದಲ್ಲಿ ಎಷ್ಟು ಕಟ್ಟೆ ಆಗುತ್ತದೆ ಲೆಕ್ಕ ಹಾಕಿ. ಯಂತ್ರದ ಬೇರಿಂಗ್ ಎರಡು ಮಳೆಗಾಲಕ್ಕೆ ಕಿರುಗುಟ್ಟುತ್ತದೆ. ಕಟ್ಟೆಗೆ ಬೇರಿಂಗ್ ಇಲ್ಲ.

ಆದರೆ ಯಾರು ಬರುತ್ತಿಲ್ಲ ಅನ್ನುವುದನ್ನೂ ನೋಡಬೇಕು. ಸಂಜೆ ಏಳರ ಮೇಲೆ ದಂಡೆಯಲ್ಲಿ ಹೆಂಗಸರು ಎಷ್ಟು ಜನ ಇರುತ್ತಾರೆ? ನನ್ನ ಅಕ್ಕನನ್ನು ಕೇಳಿದೆ. ‘ಅಲ್ಲಿ ಶೌಚಾಲಯ ಎಲ್ಲಿದೆ ಹೇಳು, ಆಮೇಲೆ ವಾಕಿಂಗ್ ಮಾತು’ ಅಂದಳು. ಸಕ್ಕರೆ ಕಾಯಿಲೆ ಇರುವ ಅರವತ್ತೈದರ ಹೆಂಗಸಿಗೆ ಒಂದು ಕಿಲೋಮೀಟರಿನ ಹಾದಿ ಅಂದರೆ ಎರಡು ಶೌಚಾಲಯಗಳ ನಡುವಿನ ದೂರ. ಅದನ್ನು ನೆರೆಯ ಗುರುತಿಗಿಂತ ಮೇಲೆ ಕಟ್ಟಬೇಕು ಅನ್ನುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದರೊಳಗಿನದೂ ಹೊಳೆಗೇ ಹೋಗುತ್ತದೆ. ದೀಪದ ಬಗ್ಗೆಯೂ ಅಷ್ಟೆ. ಬೆಳಕು ಬೇಕು, ಹಾದಿಯ ಮೇಲೆ ಬೇಕು, ಸೊಂಟದೆತ್ತರದ ಕಂಬದಿಂದ ಕೆಳಕ್ಕೆ ಬೀಳುವ ಹಳದಿ ಬೆಳಕು. ಕ್ರಿಕೆಟ್ ಮೈದಾನದಂತೆ ಬಿಳಿ ದೀಪ ಹೊಳೆಗೆ ಬಿಟ್ಟರೆ ಹುಳುಗಳೆಲ್ಲ ಬಂದು ಸಾಯುತ್ತವೆ, ಮರದಲ್ಲಿ ಕೂತ ಹಕ್ಕಿಗೆ ರಾತ್ರಿಯೇ ಆಗುವುದಿಲ್ಲ.

ಹೊಳೆಯನ್ನು ಬರೀ ನೋಡಲು ಬರುವವರು ಹೊಸಬರು. ಬಟ್ಟೆ ಒಗೆಯುವ ಮಡಿವಾಳರು, ಬಲೆ ಬೀಸುವವರು, ಅಪರಕ್ರಿಯೆಗೆ ಬರುವವರು, ಎಮ್ಮೆ ಮೈ ತೊಳೆಯುವವರು, ಇವರೆಲ್ಲ ಹಳಬರು. ಯೋಜನೆಯ ಚಿತ್ರದಲ್ಲಿ ಇವರು ಇರುವುದಿಲ್ಲ, ಬಲೂನ್ ಹಿಡಿದ ಮಗು ಇರುತ್ತದೆ. ಹೊಳೆದಂಡೆಯ ಒಂದು ಊರಿನಲ್ಲಿ ನಾನು ಕಂಡದ್ದು ಹೇಳುತ್ತೇನೆ, ಹೆಸರು ಬೇಡ. ಹೊಸ ಗೋಡೆ, ಸ್ಟೀಲ್ ರೇಲಿಂಗ್ ಬಂದಿತ್ತು. ಬೆಳಗಿನ ಜಾವ ಒಬ್ಬ ಅಜ್ಜಿ ಬಂದರು. ತುಳಸಿಗೆ ಹೊಳೆನೀರೇ ಆಗಬೇಕು ಅವರಿಗೆ. ಇಳಿಯಲು ಇದ್ದ ಹಳೆಯ ಸೋಪಾನ ಗೋಡೆಯ ಹಿಂದೆ ಹೂತುಹೋಗಿದೆ. ಸೆರಗಿನೊಳಗಿಂದ ಹಗ್ಗ ತೆಗೆದು, ತಂಬಿಗೆಯ ಕಂಠಕ್ಕೆ ಕಟ್ಟಿ, ರೇಲಿಂಗ್ ಮೇಲಿಂದ ಕೆಳಗೆ ಬಿಟ್ಟು, ಬಾವಿಯಿಂದ ಸೇದುವ ಹಾಗೆ ಹೊಳೆಯಿಂದ ನೀರು ಸೇದಿದರು. ಎರಡು ಸಲ ತಂಬಿಗೆ ಗೋಡೆಗೆ ಬಡಿದು ನೀರು ಚೆಲ್ಲಿತು. ಮೂರನೇ ಸಲ ಅರ್ಧ ತಂಬಿಗೆ ಸಿಕ್ಕಿತು. ಯಾರನ್ನೂ ಬೈಯಲಿಲ್ಲ, ಹಗ್ಗ ಸುತ್ತಿಕೊಂಡು ಹೋದರು.

ನಾನು ಅವತ್ತಿನಿಂದ ಯಾವ ನಕ್ಷೆ ನೋಡಿದರೂ ಮೊದಲು ಹುಡುಕುವುದು ಮೆಟ್ಟಿಲನ್ನು. ಮೆಟ್ಟಿಲಿಗೆ ಒಂದು ದೊಡ್ಡ ಗುಣ ಇದೆ. ನೀರು ಎಷ್ಟೇ ಮಟ್ಟದಲ್ಲಿರಲಿ, ಯಾವುದೋ ಒಂದು ಮೆಟ್ಟಿಲು ನೀರಿನ ಅಂಚಿನಲ್ಲಿ ಇರುತ್ತದೆ. ನಮ್ಮ ಹಿಂದಿನವರ ಸೋಪಾನಗಳು ಮಳೆಗಾಲ, ಬೇಸಿಗೆ ಎರಡಕ್ಕೂ ಒದಗುತ್ತಿದ್ದದ್ದು ಹೀಗೆ.

ಹೊರಗಿನ ಊರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಲ್ಲರೂ ತೋರಿಸುವುದು ಅಹಮದಾಬಾದಿನ ಸಾಬರಮತಿಯನ್ನು. ಅಲ್ಲಿ ಎರಡೂ ಕಡೆ ಗೋಡೆ ಕಟ್ಟಿ ನರ್ಮದಾ ಕಾಲುವೆಯ ನೀರು ತಂದು ತುಂಬಿಸಿದ್ದಾರೆ. ನಮ್ಮದು ಆ ಜಾತಿಯ ಹೊಳೆ ಅಲ್ಲ. ನಾನು ತೋರಿಸುವುದು ಸಿಂಗಾಪುರದ ಬಿಷಾನ್ ಪಾರ್ಕು. ಅಲ್ಲಿ ಕಾಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಅದನ್ನು ಒಡೆದು, ಅಂಕುಡೊಂಕಾಗಿ ಹರಿಯಲು ಬಿಟ್ಟು 2012ರಲ್ಲಿ ತೆರೆದರು. ಈಗ ಅದು 3.2 ಕಿ.ಮೀ. ಮಳೆ ಬಂದರೆ ನದಿ ಪಾರ್ಕಿನೊಳಗೆ ಹರಡಿಕೊಳ್ಳುತ್ತದೆ, ಸೈರನ್ ಕೂಗುತ್ತದೆ, ಜನ ಮೇಲಕ್ಕೆ ಹೋಗುತ್ತಾರೆ, ನೀರಿಳಿದ ಮೇಲೆ ಮತ್ತೆ ಬರುತ್ತಾರೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಇಸಾರ್ ನದಿಯ 8 ಕಿ.ಮೀ.ಗೂ 2000ದಿಂದ 2011ರವರೆಗೆ ಇದೇ ಥರ ಮಾಡಿದರು, ಗಟ್ಟಿ ಅಂಚು ತೆಗೆದು ಬೆಣಚುಕಲ್ಲಿನ ಇಳಿಜಾರು ಮಾಡಿದರು. ನಮ್ಮಲ್ಲಿ ಗಾಜನೂರಿನ ಗೇಟು ಎತ್ತುವ ಮುಂಚೆ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುವ ಪದ್ಧತಿ ಇದೆಯಲ್ಲ, ಅದನ್ನೇ ದಂಡೆಯ ಹಾದಿಯವರೆಗೆ ಎಳೆದು ತಂದರೆ ಆಯಿತು. ಕೆಳಗಿನ ಹಾದಿಗೆ ವರ್ಷದಲ್ಲಿ ಎರಡು ತಿಂಗಳು ಗೇಟು ಹಾಕಿ. ದೇವಸ್ಥಾನಕ್ಕೂ ಬಾಗಿಲು ಹಾಕುವ ಹೊತ್ತು ಇರುತ್ತದೆ.

ಪ್ರಶ್ನೆಗಳಿಗೆ ಬರೋಣ.

ಮುಂದಿನ ಸಾಲಿನಲ್ಲಿದ್ದ ಹಿರಿಯರು ಕೇಳಿದರು: ‘ಪೊದೆ, ಜೊಂಡು ಅಂತೀರಿ. ಹಾವು, ಸೊಳ್ಳೆ ಬರಲ್ವೇನ್ರೀ?’

ಹಾವು ಈಗಲೂ ಇದೆ ಯಜಮಾನರೇ, ದಂಡೆಗೆ ಹೊದಿಸಿದ ಕಲ್ಲು ಪಿಚಿಂಗ್ ಸಂದಿಯಲ್ಲಿ ಸಂಸಾರ ಸಮೇತ ಇದೆ. ನಡೆಯುವ ಹಾದಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲು ಕತ್ತರಿಸಿ ಇಟ್ಟರೆ ಅದೂ ನಿಮ್ಮನ್ನು ನೋಡುತ್ತದೆ, ನೀವೂ ಅದನ್ನು ನೋಡುತ್ತೀರಿ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಮೀನಿಲ್ಲದ ನೀರಿನಲ್ಲಿ. ಡೆಂಗಿ ಸೊಳ್ಳೆ ನಿಮ್ಮ ಮನೆಯ ಡ್ರಮ್ಮಿನಲ್ಲಿ, ಎಳನೀರು ಚಿಪ್ಪಿನಲ್ಲಿ ಇದೆ. ಜೊಂಡುಗದ್ದೆಯಲ್ಲಿ ನೀರು ಹರಿಯುತ್ತಿರಬೇಕು, ಅಷ್ಟು ನೋಡಿಕೊಳ್ಳಬೇಕು. ಅದನ್ನು ಬಿಟ್ಟರೆ ನಿಮ್ಮ ಭಯ ನಿಜವಾಗುತ್ತದೆ, ಒಪ್ಪುತ್ತೇನೆ.

ಗುತ್ತಿಗೆದಾರರೊಬ್ಬರು: ‘ಗೋಡೆ ಇಲ್ಲದಿದ್ರೆ ದಡ ಕೊಚ್ಚಿಹೋಗಲ್ವಾ?’

ಕೆಲವು ಕಡೆ ಹೋಗುತ್ತದೆ. ಸೇತುವೆಯ ಪಕ್ಕ, ದೇವಸ್ಥಾನದ ಬುಡ, ಹೊಳೆ ತಿರುಗುವಲ್ಲಿ ಹೊರಬದಿಗೆ ಮನೆಗಳಿರುವ ಜಾಗ, ಅಲ್ಲಿ ಗೋಡೆ ಬೇಕು. ನಾನೇ ಡ್ರಾಯಿಂಗ್ ಮಾಡಿಕೊಡುತ್ತೇನೆ. ತಿರುವಿನ ಒಳಬದಿಯಲ್ಲಿ ಹೊಳೆ ಕೊಚ್ಚುವುದಿಲ್ಲ, ತಾನೇ ಮರಳು ತಂದು ಹಾಕುತ್ತದೆ. ಅಲ್ಲೂ ಗೋಡೆ ಕಟ್ಟಿದರೆ ಅದು ಬರಿ ಬಿಲ್ಲಿಗೆ.

ಕೊನೆಯ ಪ್ರಶ್ನೆ ಹಿಂದೆ ನಿಂತಿದ್ದ ಕಾಲೇಜು ಹುಡುಗಿಯದು: ‘ಸರ್, ನಾವು ಎಲ್ಲಿಂದ ಶುರು ಮಾಡೋದು?’

ಮಂಟಪ ಮುಳುಗಿದ ದಿನ ಹೇಗೂ ನೀವೆಲ್ಲ ನೋಡಲು ಬರುತ್ತೀರಿ. ಈ ಸಲ ಮೊಬೈಲ್ ಜತೆಗೆ ಒಂದು ಸೀಮೆಸುಣ್ಣ ತನ್ನಿ. ನಿಮ್ಮ ಬೀದಿಯ ಕಡೆ ನೀರು ಎಲ್ಲಿಯವರೆಗೆ ಬಂತೋ ಅಲ್ಲಿ, ಕಾಂಪೌಂಡಿನ ಮೇಲೆ, ಕಂಬದ ಮೇಲೆ ಗೆರೆ ಎಳೆದು ತಾರೀಖು, ಗಂಟೆ ಬರೆಯಿರಿ. ಐವತ್ತು ಜನ ಐವತ್ತು ಕಡೆ ಎಳೆದರೆ ಅದೇ ನಕ್ಷೆಯ ಮೊದಲ ಗೆರೆ.

‘ಮಳೇಲಿ ಸೀಮೆಸುಣ್ಣ ಅಳಿಸಿಹೋಗುತ್ತೆ ಸರ್’ ಅಂದಳು. ಸಭೆ ನಕ್ಕಿತು, ನಾನೂ ನಕ್ಕೆ. ಸರಿ, ಹಾಗಾದರೆ ಪೇಂಟು. ಪಕ್ಕದಲ್ಲಿ ಕೂತಿದ್ದ ಗುತ್ತಿಗೆದಾರರು ಒದ್ದೆ ಗೋಡೆಗೆ ಪೇಂಟೂ ಹಿಡಿಯುವುದಿಲ್ಲ ಅಂದರು. ಅದೂ ನಿಜ. ಕೊನೆಗೆ ನೆರೆ ಇರುವಾಗ ಕಾಂಕ್ರೀಟ್ ಮೊಳೆ ಹೊಡೆಯುವುದು, ನೀರಿಳಿದು ಗೋಡೆ ಒಣಗಿದ ಮೇಲೆ ಪೇಂಟು ಅಂತ ತೀರ್ಮಾನ ಆಯಿತು. ಮೊಳೆ ಅವರ ಲೆಕ್ಕಕ್ಕೆ, ಡಬ್ಬ ನನ್ನ ಲೆಕ್ಕಕ್ಕೆ.